ಸಂಸತ್ತಿನಲ್ಲಿ ಗುಡುಗದ ಒಂದು ಪ್ರಶ್ನೆ: ಕಬ್ಬಿನ ಬಾಕಿಯ ಪ್ರಕರಣ

ಈ ಪ್ರಕರಣದ ಊರು, ಕಾರ್ಖಾನೆ, ಸಂಸದರು, ವರ್ಷ ಯಾವುದನ್ನೂ ಹೆಸರಿಸಿಲ್ಲ. ಸಂಸದರ ಪಕ್ಷ, ಕ್ಷೇತ್ರ ಯಾವುದೆಂದು ಊಹಿಸಿ ಪ್ರಯೋಜನವಿಲ್ಲ. ಲೋಕಸಭೆಯ ಯಾವ ಸದಸ್ಯರಾದರೂ ದೇಶದ ಯಾವ ಮೂಲೆಯ ವಿಷಯವನ್ನಾದರೂ ಕೇಳಬಹುದು. ಅವರನ್ನು 'ಸದಸ್ಯರು' ಎಂದೂ, ರೈತರ ಪರವಾಗಿ ಓಡಾಡಿದ ನಿವೃತ್ತ ಶಾಲಾ ಶಿಕ್ಷಕರನ್ನು 'ಮೇಷ್ಟ್ರು' ಎಂದೂ ಕರೆಯುತ್ತೇನೆ. ನಾನು ಆಗ ಸದಸ್ಯರ ಮೈಸೂರಿನ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಇಲ್ಲಿರುವ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನವೇ.

ಪ್ಲಾಸ್ಟಿಕ್ ಕವರಿನಲ್ಲಿ ಬಂದ ಸಮಸ್ಯೆ

ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿಯುವ, ಮಂಡ್ಯ ಜಿಲ್ಲೆಯ ಒಂದು ಊರು. ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸಿ ಐದು ತಿಂಗಳಾಗಿತ್ತು, ದುಡ್ಡು ಬಂದಿರಲಿಲ್ಲ. ಕಡಿದ ಬುಡದಿಂದಲೇ ಚಿಗುರಿದ ಕೂಳೆ ಬೆಳೆ ಆಗಲೇ ಮೊಣಕಾಲೆತ್ತರ ಬೆಳೆದು ನಿಂತಿತ್ತು. ಅದಕ್ಕೆ ಗೊಬ್ಬರ ಹಾಕಬೇಕಾದ ಹಣ ಹಳೇ ಬೆಳೆಯ ತೂಕದ ಚೀಟಿಯಲ್ಲೇ ಸಿಕ್ಕಿಕೊಂಡಿತ್ತು. ಆ ಚೀಟಿಗಳನ್ನೆಲ್ಲ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಮೇಷ್ಟ್ರೂ ಇನ್ನು ಹದಿನೈದು ಮಂದಿಯೂ ಬೆಳಗಿನ ಬಸ್ಸಿಗೆ ಮೈಸೂರಿಗೆ ಬಂದರು.

ಜೊತೆಗೆ ಮೂರು ಪುಟದ ಅರ್ಜಿ. ಮೇಷ್ಟ್ರ ಕೈಬರಹ ಅಚ್ಚಿನಂತಿತ್ತು. 'ರೈತನ ಬೆವರಿಗೆ ಬೆಲೆಯಿಲ್ಲವೇ' ಎಂದು ಶುರುವಾಗಿ, ಕಾರ್ಖಾನೆಯ ಆಡಳಿತ, ಜಿಲ್ಲೆಯ ಅಧಿಕಾರಿಗಳು, ಎರಡೂ ಸರ್ಕಾರಗಳು ಎಲ್ಲರನ್ನೂ ಸರದಿಯಂತೆ ತರಾಟೆಗೆ ತೆಗೆದುಕೊಂಡಿತ್ತು. ಕೊನೆಯ ಸಾಲು: 'ತಾವು ಪಾರ್ಲಿಮೆಂಟಿನಲ್ಲಿ ಗುಡುಗಬೇಕು.'

ಸದಸ್ಯರು ಓದಿ, 'ಗುಡುಗೋಣ ಮೇಷ್ಟ್ರೇ' ಅಂದರು. ಎಲ್ಲರಿಗೂ ಕಾಫಿ ಬಂತು. ಹೊರಡುವಾಗ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, 'ಸಾ, ಪ್ರಶ್ನೆ ಹಾಕ್ಸಕ್ಕೆ ಏನಾದ್ರೂ ಖರ್ಚು ಬೀಳ್ತದಾ?' ಎಂದು ಮೆಲ್ಲಗೆ ಕೇಳಿದರು. ಲಂಚದ ದನಿಯಲ್ಲಿ ಕೇಳಿದ್ದಲ್ಲ. ಯಾವ ಕಚೇರಿಗೆ ಹೋದರೂ ಕೇಳಿ ಅಭ್ಯಾಸವಾದ ಮಾತು. ಪ್ರಶ್ನೆಗೆ ದುಡ್ಡು ಪಡೆದ ಕಾರಣಕ್ಕೆ 2005ರ ಡಿಸೆಂಬರಿನಲ್ಲಿ ಹನ್ನೊಂದು ಮಂದಿ ಸಂಸದರು, ಲೋಕಸಭೆಯ ಹತ್ತು ಮತ್ತು ರಾಜ್ಯಸಭೆಯ ಒಬ್ಬರು, ಸದಸ್ಯತ್ವವನ್ನೇ ಕಳೆದುಕೊಂಡರು ಎಂದು ಹೇಳಿದೆ. ಅವರಿಗೆ ಆಶ್ಚರ್ಯವಾದದ್ದು ದುಡ್ಡು ಪಡೆದದ್ದಕ್ಕಲ್ಲ, ಕೆಲಸ ಹೋದದ್ದಕ್ಕೆ.

ಮೊದಲ ಕರಡು, ಮೊದಲ ಪೆಟ್ಟು

ಮೇಷ್ಟ್ರ ಅರ್ಜಿಯನ್ನೇ ನಾನು ಪ್ರಶ್ನೆಯಾಗಿ ಬದಲಿಸಿದೆ. ನೋಟಿಸ್ ಇಂಗ್ಲಿಷಿನಲ್ಲಿ ಸಿದ್ಧವಾಗಬೇಕಿತ್ತು, ಹಾಗಾಗಿ ಅರ್ಜಿಯ ಸೊಗಸು ಅಲ್ಲೇ ಅರ್ಧ ಸೋರಿಹೋಯಿತು. ಆದರೂ ಕಾರ್ಖಾನೆಯ ಹೆಸರು, 'ರೈತರನ್ನು ವಂಚಿಸುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ', 'ಬಂದಿದ್ದರೆ ಇಷ್ಟು ದಿನ ಸುಮ್ಮನಿರಲು ಕಾರಣವೇನು' ಎಂಬ ಮಾತುಗಳನ್ನು ಉಳಿಸಿಕೊಂಡಿದ್ದೆ. ಕೃಷಿ ಸಚಿವರನ್ನು ಉದ್ದೇಶಿಸಿ ಕಳುಹಿಸಿದೆವು.

ಪ್ರಶ್ನೆ ಅಂಗೀಕಾರವಾಗಲಿಲ್ಲ. ಆಗಬಾರದಿತ್ತು ಕೂಡ.

ಲೋಕಸಭೆಯ ನಡಾವಳಿ ನಿಯಮಗಳಲ್ಲಿ 41ನೆಯದನ್ನು ಆ ರಾತ್ರಿ ಕೂತು ಓದಿದೆ, ಮೊದಲೇ ಓದಬೇಕಿತ್ತು. ಪ್ರಶ್ನೆ 150 ಪದ ಮೀರಬಾರದು. ಅಗತ್ಯವಿಲ್ಲದ ಹೆಸರು ಇರಬಾರದು. ವಾದ, ಆರೋಪ, ಊಹೆ, ವ್ಯಂಗ್ಯ ಇರಬಾರದು. ಅಭಿಪ್ರಾಯ ಕೇಳಬಾರದು. ಮುಖ್ಯವಾಗಿ ಭಾರತ ಸರ್ಕಾರಕ್ಕೆ ಸಂಬಂಧಿಸದ ವಿಷಯವನ್ನು ಎತ್ತಬಾರದು. ವ್ಯಂಗ್ಯ ಇರಬಾರದು ಎಂಬ ಷರತ್ತನ್ನು ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದಾಗ, 'ಹಂಗಾರೆ ಮಂಡ್ಯದೋರು ಬಾಯೇ ಬಿಡಂಗಿಲ್ಲ ಅನ್ನಿ' ಅಂದರು.

ಅದಕ್ಕಿಂತ ದೊಡ್ಡ ತಪ್ಪು ವಿಳಾಸದ್ದು. ಕಬ್ಬು ಬೆಳೆ, ಆದ್ದರಿಂದ ಕೃಷಿ ಖಾತೆ ಎಂದು ನಾನು ಯೋಚನೆಯೇ ಮಾಡದೆ ಬರೆದಿದ್ದೆ. ಕಬ್ಬಿನ ಬೆಲೆಗೆ ಶಿಫಾರಸು ಮಾಡುವ ಆಯೋಗ ಕೃಷಿ ಖಾತೆಯ ಅಡಿಯಲ್ಲಿದೆ, ನಿಜ. ಆದರೆ ಕಾರ್ಖಾನೆ ರೈತನಿಗೆ ದುಡ್ಡು ಕೊಟ್ಟಿತೋ ಇಲ್ಲವೋ ಎಂಬ ಕಡತ ಇರುವುದು ಗ್ರಾಹಕ ವ್ಯವಹಾರ, ಆಹಾರ ಮತ್ತು ಸಾರ್ವಜನಿಕ ವಿತರಣೆ ಖಾತೆಯಲ್ಲಿ. ಖಾತೆಗಳನ್ನೆಲ್ಲ ಐದು ಗುಂಪು ಮಾಡಿ ವಾರದ ಒಂದೊಂದು ದಿನಕ್ಕೆ ಒಂದೊಂದು ಗುಂಪನ್ನು ಗೊತ್ತು ಮಾಡಿರುತ್ತಾರೆ. ನೋಟಿಸ್ ಕನಿಷ್ಠ 15 ಪೂರ್ಣ ದಿನ ಮುಂಚೆ ಹೋಗಬೇಕು. ಖಾತೆ ತಪ್ಪಿದರೆ ದಿನವೂ ತಪ್ಪುತ್ತದೆ, ದಿನ ತಪ್ಪಿದರೆ ಎಷ್ಟೋ ಸಲ ಅಧಿವೇಶನವೇ ಕೈತಪ್ಪುತ್ತದೆ. ನಮಗೆ ಹಾಗೇ ಆಯಿತು. ಊರಿನಲ್ಲಿ 'ದಿಲ್ಲೀಲೂ ಏನೂ ಆಗಲ್ವಂತೆ' ಎಂಬ ಮಾತು ಹರಡಿತು.

ಕೇಳಬೇಕಾದ್ದು ಏನು

ಎರಡನೇ ಸಲ ಬರೆಯುವ ಮೊದಲು ಮೇಷ್ಟ್ರ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿದುಕೊಂಡೆ. ಒಂದು ಕುಟುಂಬದ ಚೀಟಿಗಳನ್ನು ದಿನಾಂಕದಂತೆ ಜೋಡಿಸಿದೆ. ಒಟ್ಟು 40 ಟನ್. ಲೆಕ್ಕ ಸುಲಭವಾಗಲೆಂದು ಟನ್ನಿಗೆ 3,000 ಅಂತಿಟ್ಟುಕೊಂಡರೆ 1,20,000 ರೂಪಾಯಿ.

1966ರ ಕಬ್ಬು ನಿಯಂತ್ರಣ ಆದೇಶದ 3ನೇ ಖಂಡದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಕೊಡದಿದ್ದರೆ ಅಸಲು, ಬಡ್ಡಿ ಎರಡನ್ನೂ ನಮೂದಿಸಿದ ಪ್ರಮಾಣಪತ್ರವನ್ನು ಜಿಲ್ಲಾಧಿಕಾರಿಗೆ ಕಳಿಸಿ, ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸಬಹುದು. ನಮ್ಮ ಲೆಕ್ಕದ ಕುಟುಂಬಕ್ಕೆ ಗಡುವು ಮೀರಿ 120 ದಿನ ಆಗಿತ್ತು. ಬಡ್ಡಿ ಹತ್ತಿರ ಹತ್ತಿರ 5,900 ರೂಪಾಯಿ. ಮೇಷ್ಟ್ರಿಗೆ ಈ ಅಂಕಿ ಹೇಳಿದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. 'ಬಡ್ಡಿ ನಾವು ಸೊಸೈಟಿಗೆ ಕಟ್ಟೋದು ಗೊತ್ತು ಸಾ. ನಮಗೆ ಯಾರಾದ್ರೂ ಬಡ್ಡಿ ಕೊಡಬೇಕು ಅಂತ ಕಾನೂನೈತೆ ಅನ್ನೋದು ಇವತ್ತೇ ಕೇಳಿದ್ದು.'

ಪ್ರಕರಣ ದಿಕ್ಕು ಬದಲಿಸಿದ್ದು ಇಲ್ಲಿ. ಅಲ್ಲಿಯವರೆಗೆ ನಮ್ಮ ಪ್ರಶ್ನೆ 'ಯಾಕೆ ಕೊಟ್ಟಿಲ್ಲ' ಎಂದಿತ್ತು. ಯಾಕೆ ಎಂದು ಕೇಳಿದರೆ ಸರ್ಕಾರ ಕಾರಣ ಹೇಳುತ್ತದೆ. ಸಕ್ಕರೆ ದಾಸ್ತಾನು, ಮಾರುಕಟ್ಟೆ, ಧಾರಣೆ, ಕಾರಣಗಳಿಗೆ ಬರವಿಲ್ಲ. ಎಷ್ಟು, ಎಲ್ಲಿ, ಯಾವಾಗ, ಯಾರ ಹೊಣೆ ಎಂದು ಕೇಳಬೇಕು. ಹೊಸ ಕರಡಿನಲ್ಲಿ ಐದು ಭಾಗ ಮಾಡಿದೆವು: ಹಿಂದಿನ ಮೂರು ಹಂಗಾಮುಗಳಲ್ಲಿ ರಾಜ್ಯವಾರು ಬಾಕಿ ಎಷ್ಟು, ಆದೇಶದಂತೆ ಕೊಡಿಸಿದ ಬಡ್ಡಿ ಎಷ್ಟು, ವಸೂಲಿಗೆ ಎಷ್ಟು ಪ್ರಮಾಣಪತ್ರ ಹೊರಟಿವೆ, ಇದನ್ನು ಜಾರಿ ಮಾಡುವ ಹೊಣೆ ಯಾರದು, ಆದೇಶ ತಿದ್ದುವ ಪ್ರಸ್ತಾವ ಇದೆಯೇ. ಕಾರ್ಖಾನೆಯ ಹೆಸರಿಲ್ಲ, ಮಂಡ್ಯದ ಹೆಸರೂ ಇಲ್ಲ. ಮೇಷ್ಟ್ರು ಓದಿಸಿಕೊಂಡು, 'ಇದ್ರಲ್ಲಿ ನಾವೆಲ್ಲಿದ್ದೀವಿ?' ಎಂದು ಕೇಳಿದರು. ನ್ಯಾಯವಾದ ಮಾತು.

ಚುಕ್ಕೆ ಗುರುತಿನ ಪ್ರಶ್ನೆಯೋ ಚುಕ್ಕೆ ಗುರುತಿಲ್ಲದ್ದೋ ಎಂದು ಕಚೇರಿಯಲ್ಲಿ ಒಂದು ಸಂಜೆ ಪೂರ್ತಿ ಜಗಳವಾಯಿತು. ಚುಕ್ಕೆ ಇದ್ದರೆ ಸಚಿವರು ಸದನದಲ್ಲಿ ಎದ್ದುನಿಂತು ಉತ್ತರಿಸಬೇಕು, ಸದಸ್ಯರು ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯ ಪ್ರಶ್ನೆ 20, ಚುಕ್ಕೆಯಿಲ್ಲದ್ದು 230. ಒಬ್ಬ ಸದಸ್ಯರ ಐದಕ್ಕಿಂತ ಹೆಚ್ಚು ಪ್ರಶ್ನೆ ಒಂದು ದಿನದ ಪಟ್ಟಿಗೆ ಸೇರುವುದಿಲ್ಲ, ಅವುಗಳಲ್ಲಿ ಚುಕ್ಕೆಯದು ಒಂದೇ. ಸದಸ್ಯರಿಗೆ ಚುಕ್ಕೆ ಬೇಕಿತ್ತು. ಟೀವಿಯಲ್ಲಿ ಬರುತ್ತದೆ, ಊರಿನವರು ನೋಡುತ್ತಾರೆ, ಅದರಲ್ಲಿ ತಪ್ಪೇನಿದೆ ಎಂಬುದು ಅವರ ವಾದ. ಬೆಳಗ್ಗೆ 11ರಿಂದ 12ರವರೆಗಿನ ಆ ಒಂದು ಗಂಟೆಯಲ್ಲಿ 20ರಲ್ಲಿ ಕೆಲವೇ ಪ್ರಶ್ನೆಗಳ ಸರದಿ ಬರುತ್ತದೆ, ಗಲಾಟೆಯಾಗಿ ಸದನ ಮುಂದೂಡಿದರೆ ಅದೂ ಇಲ್ಲ, ನಮಗೆ ಬೇಕಾದ್ದು ಕೋಷ್ಟಕ ಎಂಬುದು ನನ್ನ ವಾದ. ಕೊನೆಗೆ ಚುಕ್ಕೆ ಹಾಕಿಯೇ ಕಳಿಸಿದೆವು. ಪ್ರಶ್ನೆಗಳ ಸರದಿ ಗೊತ್ತು ಮಾಡಲು ಚೀಟಿ ಎತ್ತುವಾಗ ನಮ್ಮದು ಮೊದಲ ಇಪ್ಪತ್ತರಲ್ಲಿ ಬರಲಿಲ್ಲ. ಚುಕ್ಕೆಯಿಲ್ಲದ ಪಟ್ಟಿಗೆ ಇಳಿಯಿತು. ನಮ್ಮ ಜಗಳವನ್ನು ಚೀಟಿಯೇ ತೀರ್ಮಾನಿಸಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೋಟಿಸ್ ಈಗ ಆನ್‌ಲೈನಿನಲ್ಲೇ ಹೋಗುತ್ತದೆ. ಕರಡು ಯಾರು ಬೇಕಾದರೂ ಬರೆದುಕೊಡಲಿ, ಪೋರ್ಟಲ್ಲಿನ ಲಾಗಿನ್ ಮಾತ್ರ ಸದಸ್ಯರ ಕೈಯಲ್ಲೇ ಇರಬೇಕು. 2023ರ ಡಿಸೆಂಬರಿನಲ್ಲಿ ಲಾಗಿನ್ ಹಂಚಿಕೊಂಡ ವಿವಾದದಲ್ಲಿ ಒಬ್ಬ ಸದಸ್ಯರು ಉಚ್ಚಾಟಿತರಾದರು. ನಮ್ಮ ಕಾಲದಲ್ಲಿ ಇದರ ಗಂಭೀರತೆ ನಮಗೇ ಸರಿಯಾಗಿ ಗೊತ್ತಿರಲಿಲ್ಲ.

ಉತ್ತರ ಬಂದ ದಿನ

ಉತ್ತರ ಎರಡು ಪುಟ, ಜೊತೆಗೊಂದು ಅನುಬಂಧ. ರಾಜ್ಯವಾರು ಬಾಕಿಯ ಕೋಷ್ಟಕ ಇತ್ತು. ಆದರೆ ನಾವು ಬಿಡಿಬಿಡಿಯಾಗಿ ಕೇಳಿದ ಐದು ಭಾಗಗಳನ್ನು 'ಎ ಯಿಂದ ಇ ವರೆಗೆ' ಎಂದು ಒಂದೇ ಕಟ್ಟು ಕಟ್ಟಿ ಉತ್ತರಿಸಿದ್ದರು. ಬಾಕಿ ತಗ್ಗಿಸಲು ಸರ್ಕಾರ ಏನೇನು ಮಾಡಿದೆ ಎಂಬುದು ಒಂದು ಪುಟ. ಬಡ್ಡಿಯ ಅಂಕಿ ಎಲ್ಲೂ ಇಲ್ಲ. ಪ್ರಮಾಣಪತ್ರದ ಲೆಕ್ಕವೂ ಇಲ್ಲ. ಪ್ರಶ್ನೆಗಳನ್ನು ಒಟ್ಟಿಗೆ ಕಟ್ಟಿದಾಗ ಸಂದಿಯಲ್ಲಿ ಉದುರಿಹೋಗುವುದು ಯಾವಾಗಲೂ ಕಷ್ಟದ ಪ್ರಶ್ನೆಯೇ. ಇದನ್ನು ಕಲಿಯಲು ನನಗೆ ಒಂದು ಇಡೀ ಅಧಿವೇಶನ ಬೇಕಾಯಿತು: ಮುಖ್ಯವಾದದ್ದನ್ನು ಒಂಟಿಯಾಗಿ ಕೇಳಬೇಕು, ಜೊತೆಗೆ ಬೇರೇನನ್ನೂ ಕಳಿಸಬಾರದು.

ಮೇಷ್ಟ್ರಿಗೆ ಕನ್ನಡದಲ್ಲಿ ಓದಿ ಹೇಳಿದೆ. 'ಇಷ್ಟಕ್ಕೆ ದಿಲ್ಲಿವರ್ಗೂ ಹೋಗಬೇಕಿತ್ತಾ?' ಅಂದರು. ನಾನೂ ಹಾಗೇ ಅಂದುಕೊಂಡು ಫೈಲು ಮುಚ್ಚುತ್ತಿದ್ದೆ. ಆಗ ಎರಡನೇ ಪುಟದ ನಡುವೆ, ಬೇರೆ ವಾಕ್ಯಗಳ ಜೊತೆ ಸೇರಿಕೊಂಡಿದ್ದ ಒಂದು ಸಾಲು ಕಣ್ಣಿಗೆ ಬಿತ್ತು: ಈ ನಿಬಂಧನೆಯನ್ನು ಜಾರಿಗೊಳಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ವಹಿಸಲಾಗಿದೆ.

ಆ ಸಾಲಿನ ಬೆಲೆ ತಿಳಿಯಬೇಕಾದರೆ ಹಿಂದಿನ ಕಥೆ ಗೊತ್ತಿರಬೇಕು. ಮೇಷ್ಟ್ರು ಮೈಸೂರಿಗೆ ಬರುವ ಮುಂಚೆ ಜಿಲ್ಲೆಯ ಕಚೇರಿಗಳಿಗೆ ಮೂರು ಸಲ ಅಲೆದಿದ್ದರು. ಮೂರೂ ಸಲ ಸಿಕ್ಕ ಉತ್ತರ ಒಂದೇ: 'ಕಬ್ಬಿನ ದರ, ಬಾಕಿ ಎಲ್ಲ ಕೇಂದ್ರದ ವಿಷಯ, ನಮ್ಮ ಕೈಯಲ್ಲೇನೂ ಇಲ್ಲ.' ನ್ಯಾಯಯುತ ಮತ್ತು ಲಾಭದಾಯಕ ದರವನ್ನು, ಅಂದರೆ ಎಫ್‌ಆರ್‌ಪಿಯನ್ನು, ಗೊತ್ತು ಮಾಡುವುದು ಕೇಂದ್ರವಾದ್ದರಿಂದ ಅದು ಅರ್ಧ ಸತ್ಯ. ಈಗ ಉಳಿದರ್ಧ ನಮ್ಮ ಕೈಯಲ್ಲಿತ್ತು, ಅದೂ ಸಂಸತ್ತಿನ ಕಾಗದದ ಮೇಲೆ.

ಉತ್ತರವನ್ನು ಪ್ರಿಂಟ್ ಹಾಕಿಸಿ ಆ ಸಾಲಿಗೆ ಹಳದಿ ಗುರುತು ಹಾಕಿ ಹತ್ತು ಪ್ರತಿ ಮಾಡಿಸಿದೆವು. ಮೇಷ್ಟ್ರು ನಾಲ್ಕನೇ ಸಲ ಹೋದರು. ಈ ಸಲ ಅರ್ಜಿ ಅರ್ಧ ಪುಟ. ಬೆವರು ಇಲ್ಲ, ಕಣ್ಣೀರಿಲ್ಲ. ತೂಕದ ಚೀಟಿಗಳ ಪಟ್ಟಿ, ದಿನಾಂಕ, 14 ದಿನದ ಗಡುವು, ಬಡ್ಡಿಯ ಲೆಕ್ಕ, ಹಿಂದೆ ಸಂಸತ್ತಿನ ಉತ್ತರ. ಅಧಿಕಾರಿ ಎರಡು ಸಲ ಓದಿದರಂತೆ. 'ಇದು ಎಲ್ಲಿ ಸಿಕ್ತು ನಿಮಗೆ?' ಎಂದರಂತೆ. ಮೂರು ವಾರದಲ್ಲಿ ಕಾರ್ಖಾನೆಯವರನ್ನೂ ರೈತರನ್ನೂ ಕೂರಿಸಿ ಸಭೆ ಆಯಿತು. ಅಸಲು ಎರಡು ಕಂತಿನಲ್ಲಿ ಬಂತು.

ಬಡ್ಡಿಯ ವಿಷಯಕ್ಕೆ ಬಂದಾಗ ಕಾರ್ಖಾನೆಯ ವಕೀಲರು ಒಂದು ಕಾಗದ ತೆಗೆದರು. ಕಬ್ಬು ನಾಟಿ ಮಾಡಿದಾಗ ಕಾರ್ಖಾನೆಯ ಫೀಲ್ಡ್‌ಮನ್ ಊರಿಗೆ ಬಂದು ಸಹಿ ಹಾಕಿಸಿಕೊಂಡು ಹೋದ ಅಗ್ರಿಮೆಂಟು. ಅದರ ಹಿಂಬದಿ, ಸಣ್ಣ ಅಕ್ಷರದಲ್ಲಿ, ಹಣ ಪಾವತಿಯ ಕಾಲವನ್ನು ಕಾರ್ಖಾನೆ ತನ್ನ ಅನುಕೂಲದಂತೆ ಗೊತ್ತು ಮಾಡಬಹುದು ಎಂಬರ್ಥದ ಒಂದು ಸಾಲು. 14 ದಿನದ ನಿಯಮಕ್ಕೆ ಆದೇಶದಲ್ಲೇ ಒಂದು ಬಾಗಿಲು ಇದೆ: ಇದಕ್ಕೆ ವಿರುದ್ಧವಾದ ಲಿಖಿತ ಒಪ್ಪಂದ ಇಲ್ಲದಿದ್ದರೆ ಮಾತ್ರ. ನಾನು ಆದೇಶ ಓದಿದಾಗ ಆ ಮಾತನ್ನು ನೋಡಿದ್ದೆ, ದಾಟಿ ಹೋಗಿದ್ದೆ.

ಅಗ್ರಿಮೆಂಟಿಗೆ ಸಹಿಯೇ ಹಾಕದೆ ಕಬ್ಬು ಸಾಗಿಸಿದ್ದ ಎಂಟು ಮಂದಿಗೆ ಬಡ್ಡಿ ಬಂತು. ಉಳಿದವರ ಕಡತ ಕೂತಲ್ಲೇ ಕೂತಿತು.

ಶುಕ್ರವಾರದ ಮಸೂದೆ

ಆ ಬಾಗಿಲನ್ನು ಮುಚ್ಚಬೇಕು ಎಂದು ಸದಸ್ಯರಿಗೆ ಅನ್ನಿಸಿತು. 'ಒಂದು ಮಸೂದೆ ತರೋಣ' ಅಂದರು. ಮಂತ್ರಿಯಲ್ಲದ ಯಾವ ಸದಸ್ಯರಾದರೂ, ಆಳುವ ಪಕ್ಷದವರೂ, ಖಾಸಗಿ ಮಸೂದೆ ತರಬಹುದು.

ಬರೆಯಲು ಕೂತಾಗ ಮೊದಲ ತೊಡಕು. ನಾವು ತಿದ್ದಬೇಕೆಂದಿದ್ದ ಸಾಲು ಯಾವ ಕಾಯ್ದೆಯಲ್ಲೂ ಇರಲಿಲ್ಲ; ಆದೇಶದಲ್ಲಿತ್ತು. ಆದೇಶವನ್ನು ಸರ್ಕಾರ 1955ರ ಅಗತ್ಯ ವಸ್ತುಗಳ ಕಾಯ್ದೆಯ 3ನೇ ಸೆಕ್ಷನ್ ಕೊಟ್ಟ ಅಧಿಕಾರದಿಂದ ಹೊರಡಿಸುತ್ತದೆ, ತಿದ್ದುವುದೂ ಅದೇ. ಸರ್ಕಾರ ಮನಸ್ಸು ಮಾಡಿದರೆ ಒಂದು ಅಧಿಸೂಚನೆ ಸಾಕು. ಮಸೂದೆಯ ದಾರಿಯಲ್ಲಿ ಹೋಗುವುದಾದರೆ ಮೂಲ ಕಾಯ್ದೆಗೇ ಹೊಸ ಸೆಕ್ಷನ್ ಸೇರಿಸಬೇಕು. ಹಾಗೇ ಮಾಡಿದೆವು: ಯಾವ ಒಪ್ಪಂದ ಏನೇ ಹೇಳಲಿ, 14 ದಿನ ಮೀರಿದರೆ ಬಡ್ಡಿ ತಾನಾಗಿ ಸೇರತಕ್ಕದ್ದು.

ಎರಡನೆಯದು ಆಸೆಯಿಂದ ಹುಟ್ಟಿದ ತೊಡಕು. ಕಾರ್ಖಾನೆ ಕೊಡದಿದ್ದರೆ ಕೇಂದ್ರವೇ ಒಂದು ನಿಧಿಯಿಂದ ರೈತರಿಗೆ ಮುಂಗಡ ಕೊಡಲಿ ಎಂದು ಸದಸ್ಯರು ಒಂದು ಖಂಡ ಸೇರಿಸಿದ್ದರು. ಸಂಚಿತ ನಿಧಿಯಿಂದ, ಅಂದರೆ ಕೇಂದ್ರದ ಬೊಕ್ಕಸದಿಂದ, ಖರ್ಚು ಬೀಳುವ ಮಸೂದೆಯನ್ನು ಸಂವಿಧಾನದ 117ನೇ ವಿಧಿಯ ಪ್ರಕಾರ ರಾಷ್ಟ್ರಪತಿಯವರ ಶಿಫಾರಸಿಲ್ಲದೆ ಸದನ ಅಂಗೀಕರಿಸುವಂತಿಲ್ಲ. ಖರ್ಚಿನ ಅಂದಾಜು ಹೇಳುವ ಹಣಕಾಸು ಜ್ಞಾಪನ ಬೇರೆ ಲಗತ್ತಿಸಬೇಕು. ಭಾಷಣಕ್ಕೆ ಆ ಖಂಡ ಚೆನ್ನಾಗಿತ್ತು, ಮಸೂದೆಯ ಕಾಲಿಗೆ ಕಲ್ಲು ಕಟ್ಟುತ್ತಿತ್ತು. ಎರಡು ದಿನ ಯೋಚಿಸಿ ಸದಸ್ಯರೇ ತೆಗೆದುಹಾಕಿದರು. ಈ ಪ್ರಕರಣದಲ್ಲಿ ಅವರು ತೆಗೆದುಕೊಂಡ ಅತ್ಯಂತ ಕಷ್ಟದ ನಿರ್ಧಾರ ಅದೇ ಎಂದು ನನ್ನ ಎಣಿಕೆ.

ಒಂದು ತಿಂಗಳ ನೋಟಿಸ್ ಕೊಟ್ಟು ಕಾದೆವು. ಖಾಸಗಿ ಸದಸ್ಯರ ಕಲಾಪಕ್ಕೆ ಶುಕ್ರವಾರದ ಕೊನೆಯ ಎರಡೂವರೆ ಗಂಟೆ. ವಾರದ ಕೊನೆ, ಊರಿಗೆ ಹೋಗುವ ವಿಮಾನದ ಹೊತ್ತು. ಸದನ ಅರ್ಧಕ್ಕಿಂತ ಹೆಚ್ಚು ಖಾಲಿ. ಪಟ್ಟಿಯಲ್ಲಿ ಸಾಲುಸಾಲು ಮಸೂದೆಗಳು. ನಮ್ಮ ಸದಸ್ಯರ ಹೆಸರು ಕರೆದರು, ಎದ್ದುನಿಂತು ಮಂಡನೆಗೆ ಅನುಮತಿ ಕೇಳಿದರು, ಧ್ವನಿಮತ ಆಯಿತು, ಮಂಡಿಸಿದೆ ಎಂದರು, ಕೂತರು. ಮೇಷ್ಟ್ರು ಊರಿನಲ್ಲಿ ಹತ್ತು ಜನರನ್ನು ಕೂರಿಸಿಕೊಂಡು ಟೀವಿ ನೋಡುತ್ತಿದ್ದರು. ಒಬ್ಬರು ನೀರು ಕುಡಿದು ಬರಲು ಒಳಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಚರ್ಚೆಯ ಸರದಿ ಮತ್ತೆ ಚೀಟಿಯ ಮೇಲೆ. ನಮ್ಮ ಚೀಟಿ ಬರಲೇ ಇಲ್ಲ. ಲೋಕಸಭೆ ವಿಸರ್ಜನೆಯಾದಾಗ, ಅಲ್ಲಿ ಬಾಕಿಯಿದ್ದ ಮಿಕ್ಕ ಮಸೂದೆಗಳಂತೆ ಅದೂ ಬಿದ್ದುಹೋಯಿತು. ಇದರಲ್ಲಿ ವಿಶೇಷವೇನಿಲ್ಲ. ಸ್ವಾತಂತ್ರ್ಯಾನಂತರ ಇದುವರೆಗೆ ಕಾಯ್ದೆಯಾದ ಖಾಸಗಿ ಮಸೂದೆಗಳು 14. ಕೊನೆಯದು ಕಾಯ್ದೆಯಾದದ್ದು 1970ರಲ್ಲಿ, ಸುಪ್ರೀಂ ಕೋರ್ಟಿನ ಕ್ರಿಮಿನಲ್ ಮೇಲ್ಮನವಿ ವ್ಯಾಪ್ತಿ ಹಿಗ್ಗಿಸಿದ್ದು. 2015ರ ಏಪ್ರಿಲಿನಲ್ಲಿ ತಿರುಚ್ಚಿ ಶಿವ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆ ರಾಜ್ಯಸಭೆಯಲ್ಲಿ ಅಂಗೀಕಾರವಾದರೂ ಲೋಕಸಭೆಯನ್ನು ದಾಟಲಿಲ್ಲ. ಅದೇ ವಿಷಯದ ಮೇಲೆ 2019ರಲ್ಲಿ ಸರ್ಕಾರ ತನ್ನದೇ ಕಾಯ್ದೆ ತಂದಿತು. ಇದನ್ನೆಲ್ಲ ಮೇಷ್ಟ್ರಿಗೆ ಮುಂಚೆಯೇ ಹೇಳಬೇಕಿತ್ತು. ಹೇಳಿದರೆ ಉತ್ಸಾಹ ಇಳಿದೀತೆಂದು ಹೇಳಲಿಲ್ಲ. ಅವರು ಆಮೇಲೆ ಕೇಳಿದಾಗ ನನಗೆ ಮುಖ ಎತ್ತಲಾಗಲಿಲ್ಲ.

ಬಿಟ್ಟುಹೋದ ದಾರಿಗಳು

ಈಗ ಹಿಂತಿರುಗಿ ನೋಡಿದರೆ ಮಸೂದೆಗೆ ಕಳೆದ ತಿಂಗಳುಗಳಲ್ಲಿ ಬಡ್ಡಿಯೊಂದನ್ನೇ ಕುರಿತ ಪ್ರಶ್ನೆಯನ್ನು ಅಧಿವೇಶನದಿಂದ ಅಧಿವೇಶನಕ್ಕೆ ಬೇರೆ ಬೇರೆ ಪಕ್ಷದ ಸದಸ್ಯರಿಂದ ಕೇಳಿಸಬಹುದಿತ್ತು. ಸಚಿವರ ಬಾಯಿಂದ 'ಪರಿಶೀಲಿಸಲಾಗುವುದು' ಎಂಬ ಮಾತು ಬಂದಿದ್ದರೆ ಅದು ಭರವಸೆ ಎನಿಸಿಕೊಂಡು, ಸರ್ಕಾರಿ ಭರವಸೆಗಳ ಸಮಿತಿಯ ಲೆಕ್ಕಕ್ಕೆ ಸೇರಿ, ಮೂರು ತಿಂಗಳ ಗಡುವು ಬೀಳುತ್ತಿತ್ತು. ಸದಸ್ಯರು ಒಂದು ವಿಷಯವನ್ನು ಸದನದ ಗಮನಕ್ಕೆ ತರಲು ಬಳಸುವ ನಿಯಮ 377ರ ಅಡಿ ಆದೇಶ ತಿದ್ದುವಂತೆ ನೇರವಾಗಿ ಒತ್ತಾಯಿಸಬಹುದಿತ್ತು. ಕಬ್ಬು ಬೆಳೆಯುವ ಬೇರೆ ರಾಜ್ಯದ ಸದಸ್ಯರಿಗೂ ಇದು ಬೇಕಾದ ವಿಷಯವೇ. ನಾವು ಯಾರನ್ನೂ ಕೇಳಲಿಲ್ಲ. ಸದಸ್ಯರಿಗೆ ತಮ್ಮ ಹೆಸರಿನ ಮಸೂದೆ ಬೇಕಿತ್ತು, ನನಗೆ ಬರೆಯುವ ಖುಷಿ ಇತ್ತು.

ಆದರೆ ಮಸೂದೆಯ ಕೊನೆಯಲ್ಲಿ ಉದ್ದೇಶ ಮತ್ತು ಕಾರಣಗಳ ಹೇಳಿಕೆ ಎಂದು ಒಂದು ಪುಟ ಇರುತ್ತದೆ. ಅದನ್ನು ನಾನು ಕನ್ನಡಕ್ಕೆ ತಂದು ಮೇಷ್ಟ್ರಿಗೆ ಕಳಿಸಿದ್ದೆ. ಅವರು ಅದನ್ನು ಸೊಸೈಟಿ ಕಟ್ಟಡದ ಗೋಡೆಗೆ ಅಂಟಿಸಿ, ಸಂಜೆ ಹಾಲು ಹಾಕಲು ಬಂದವರಿಗೆಲ್ಲ ಓದಿ ಹೇಳುತ್ತಿದ್ದರಂತೆ. ಅಗ್ರಿಮೆಂಟಿನ ಹಿಂಬದಿಯಲ್ಲಿ ಏನಿದೆ ಎಂದು ಊರು ಮೊದಲ ಸಲ ತಿರುಗಿಸಿ ನೋಡಿದ್ದು ಆಗ.

ಮುಂದಿನ ನಾಟಿಯ ಹೊತ್ತಿಗೆ ಫೀಲ್ಡ್‌ಮನ್ ಫಾರಂಗಳ ಕಟ್ಟು ಹಿಡಿದುಕೊಂಡು ಬಂದ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಫಾರಂ ಮಗುಚಿ, ಆ ಸಾಲಿನ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಆಮೇಲೆ ಮೊದಲ ಪುಟಕ್ಕೆ ಸಹಿ ಹಾಕಿದರು. ಫೀಲ್ಡ್‌ಮನ್ ಜಗುಲಿಯಿಂದ ಇಳಿದು ಕಚೇರಿಗೆ ಫೋನ್ ಹಚ್ಚಿದ: 'ಸಾರ್, ಇಲ್ಲೊಬ್ರು ಒಂದು ಲೈನು ಹೊಡೆದಾಕವ್ರೆ. ಇಸ್ಕೊಳ್ಲಾ, ಬೇಡ್ವಾ?' ಆ ಕಡೆಯಿಂದ ಉತ್ತರ ಬರಲು ಬಹಳ ಹೊತ್ತು ಹಿಡಿಯಿತಂತೆ. ಕಬ್ಬಿಗೆ ಆ ವರ್ಷ ಪೈಪೋಟಿ ಇತ್ತು, ಆಲೆಮನೆಯವರೂ ಗದ್ದೆ ಬದಿಗೇ ಬಂದು ಕೇಳುತ್ತಿದ್ದರು. 'ಇಸ್ಕೊ' ಎಂದರು.

ಆ ಹಂಗಾಮಿನಲ್ಲಿ ಹದಿನೇಳು ಅಗ್ರಿಮೆಂಟುಗಳಲ್ಲಿ ಆ ಗೆರೆ ಇತ್ತು. ಊರಿನ ಉಳಿದವರು ಎಂದಿನಂತೆ ಮೊದಲ ಪುಟಕ್ಕೇ ಸಹಿ ಹಾಕಿ ಕೊಟ್ಟರು.